ಹಿತ್ತಲ ಸೊಪ್ಪು, ಮೈಗೆ ನೆತ್ತರು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ನೊಂದು ಹೇಳಿದ್ದಾರೆಯೇ ಹೊರತು ಮೆಚ್ಚಿ ಹೇಳಿಲ್ಲ. ಕೈಗೆಟಕುವ ವಸ್ತುವಿನ ಬೆಲೆ ನಮಗೆ ತಿಳಿಯದು ಎಂಬುದೇ ಅದರ ಒಳಾರ್ಥ. ಇಂದು ಅನೇಕ ಮನೆಗಳಲ್ಲಿ ಹಿತ್ತಲಿಗೆ ಸಿಮೆಂಟು ಬಿದ್ದಿದೆ, ಗಿಡ ಮರೆಯಾಗಿದೆ. ಅದೇ ಮನೆಯ ತಾಯಂದಿರು ಸದಾ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಹೇಳಿಕೊಳ್ಳುತ್ತಾರೆ. ಇದಕ್ಕೆ ಬಹಳ ಸಲ ರಕ್ತಹೀನತೆಯೇ ಕಾರಣವಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು, 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ.

ರಕ್ತಕ್ಕೆ ಬಣ್ಣವನ್ನೂ ಬಲವನ್ನೂ ಕೊಡುವ ಹಿಮೋಗ್ಲೋಬಿನ್ ಉತ್ಪತ್ತಿಯಾಗಲು ಕಬ್ಬಿಣಾಂಶ ಬೇಕು. ಕೆಂಪು ರಕ್ತಕಣಗಳು ಬೆಳೆಯಲು ಫೋಲಿಕ್ ಆಮ್ಲ ಬೇಕು. ಇವೆರಡೂ ಹಸಿರು ಸೊಪ್ಪಿನಲ್ಲಿವೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿಯೂ ಅಷ್ಟೇ ರಾಜಗಿರಿ ಸೊಪ್ಪಿನಲ್ಲಿಯೂ ಸುಮಾರು 4 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣಾಂಶವಿರುತ್ತದೆ. ಆದರೆ ಚೈತ್ರ-ವೈಶಾಖಗಳ ಬಿಸಿಲಿನಲ್ಲಿ ಸಂತೆಯ ಸೊಪ್ಪು ದುಬಾರಿಯಾಗುತ್ತದೆ, ಮನೆ ಸೇರುವ ಹೊತ್ತಿಗೆ ಬಾಡಿರುತ್ತದೆ. ಕೊಯ್ದ ಸೊಪ್ಪು ಬಾಡಿದಂತೆಲ್ಲ ಅದರಲ್ಲಿನ ‘ಸಿ’ ಜೀವಸತ್ವವೂ ಕುಗ್ಗುತ್ತದೆ. ಆದ್ದರಿಂದ ವಸಂತ ಋತುವಿನಲ್ಲಿ ಮನೆಯ ಬಳಿಯೇ ನಾಲ್ಕು ಮಡಿ ಸೊಪ್ಪು ಬೆಳೆಯುವುದು ಉಚಿತ.

ಏನನ್ನು ಬೆಳೆಯಬೇಕು?

ಬಿಸಿಲನ್ನು ತಾಳುವ ರಾಜಗಿರಿ ಮತ್ತು ದಂಟಿನ ಸೊಪ್ಪು ಈ ಕಾಲಕ್ಕೆ ಶ್ರೇಷ್ಠ. ಇವುಗಳ ಬೀಜ ಬಹಳ ಸಣ್ಣದು. ಒಣ ಮರಳಿನೊಡನೆ ಬೆರೆಸಿ ತೆಳುವಾಗಿ ಬಿತ್ತಿದರೆ 25–30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬುಡಸಹಿತ ಕೀಳದೆ ಮೇಲಿನ ಕುಡಿಯನ್ನು ಚಿವುಟಿದರೆ ಮತ್ತೆ ಚಿಗುರುತ್ತದೆ. ಮೆಂತ್ಯ, ಕೊತ್ತಂಬರಿಗಳಿಗೆ ಕಡು ಬಿಸಿಲು ಒಗ್ಗದು; ಅವನ್ನು ಮಧ್ಯಾಹ್ನದ ನೆರಳು ಬೀಳುವ ಕಡೆ ಬಿತ್ತಬೇಕು. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ, ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ.

ತರಕಾರಿಗಳಲ್ಲಿ ಬೆಂಡೆ, ಹೀರೆ, ಚವಳಿಕಾಯಿಗಳು ಬೇಸಗೆಗೆ ಒಗ್ಗುವಂಥವು. ಬೆಂಡೆಯು ಸುಮಾರು 50 ದಿನಗಳಲ್ಲಿ ಕಾಯಿ ಬಿಡುತ್ತದೆ. ಹೀರೆಯ ಬಳ್ಳಿಗೆ ಚಪ್ಪರವೋ ಬೇಲಿಯೋ ಸಾಕು. ಕುಂಡಗಳಲ್ಲಿ ತುಳಸಿ, ಪುದೀನ, ದೊಡ್ಡಪತ್ರೆಗಳನ್ನು ಇರಿಸಬಹುದು. ದೊಡ್ಡಪತ್ರೆಯ ಗೇಣುದ್ದದ ಟೊಂಗೆಯನ್ನು ನೆಟ್ಟರೂ ಬೇರೂರುತ್ತದೆ. ಅಂಗಳದ ಅಂಚಿನಲ್ಲಿ ಒಂದು ನುಗ್ಗೆಯ ಗೂಟವನ್ನು ನೆಟ್ಟರೆ ಮುಂದೆ ವರ್ಷಗಟ್ಟಲೆ ಸೊಪ್ಪು ದೊರೆಯುತ್ತದೆ.

ಆರೈಕೆ

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಮರಳು ಬೆರೆಸಿದರೆ ಕುಂಡಕ್ಕೆ ತಕ್ಕ ಮಣ್ಣು ಸಿದ್ಧ. ನೀರಿನ ಕೊರತೆಯಿರುವವರು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಚೆಲ್ಲದೆ ಗಿಡಗಳಿಗೆ ಉಣಿಸಲಿ. ಸಾಬೂನಿನ ನೀರನ್ನು ಸೊಪ್ಪಿನ ಮಡಿಗೆ ಹಾಕಬಾರದು. ಮುಂಜಾನೆ ಅಥವಾ ಸಂಜೆ ಬುಡಕ್ಕೆ ನೀರೆರೆದು, ಒಣ ಎಲೆಗಳನ್ನು ಹಾಸಿದರೆ ತೇವ ಬೇಗ ಆರದು. ಹುಳುಗಳ ಬಾಧೆ ಕಂಡರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಸಂಜೆಯ ವೇಳೆ ಸಿಂಪಡಿಸಬೇಕು. ಕೆಲವು ದಿನ ಬಿಟ್ಟು ಕೊಯ್ದು, ಚೆನ್ನಾಗಿ ತೊಳೆದು ಬಳಸಬೇಕು.

ಉಣ್ಣುವ ಕ್ರಮ

ಸೊಪ್ಪಿನಲ್ಲಿರುವ ಕಬ್ಬಿಣಾಂಶವೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ಊಟದಲ್ಲಿ ನಿಂಬೆರಸವಿದ್ದರೆ ಅದು ಹೆಚ್ಚು ಹೀರಲ್ಪಡುತ್ತದೆ. ಊಟದೊಡನೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ಹೀರಿಕೆ ಕುಗ್ಗುತ್ತದೆ. ಚಹಾಕ್ಕೂ ಊಟಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು, ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು.

ಆದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಳ್ಳವರು ಪಾಲಕ್, ರಾಜಗಿರಿಗಳನ್ನು ವೈದ್ಯರ ಸಲಹೆಯಂತೆ ಮಿತವಾಗಿ ಬಳಸಬೇಕು. ಅವರು ಬೇಯಿಸಿದ ನೀರನ್ನು ಚೆಲ್ಲುವುದೇ ಲೇಸು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೆ ಏರಿಸಬಾರದು, ಇಳಿಸಲೂ ಬಾರದು. ಈಗಾಗಲೇ ರಕ್ತಹೀನತೆಯಿರುವವರಿಗೆ, ವಿಶೇಷವಾಗಿ ಗರ್ಭಿಣಿಯರಿಗೆ, ಸೊಪ್ಪೊಂದೇ ಸಾಲದು. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ಸೇವಿಸಬೇಕು. ಸೊಪ್ಪು ಮಾತ್ರೆಗೆ ಜೊತೆಯಾಗಲಿ, ಬದಲಿಯಾಗದಿರಲಿ.

ಯುಗಾದಿಯಂದು ಬೇವು-ಬೆಲ್ಲ ಹಂಚಿದ ಬಳಿಕ ಮಕ್ಕಳ ಕೈಯಿಂದಲೇ ಒಂದು ಚಿಟಿಕೆ ರಾಜಗಿರಿ ಬೀಜವನ್ನು ಬಿತ್ತಿಸಿರಿ. ದಿನವೂ ನೀರೆರೆಯುವ ಕಾಯಕವನ್ನು ಅವರಿಗೇ ಒಪ್ಪಿಸಿರಿ. ತಾವು ಬೆಳೆದ ಸೊಪ್ಪನ್ನು ತಟ್ಟೆಯಲ್ಲಿ ಬಿಡಲು ಅವರಿಗೆ ಮನಸ್ಸಾಗದು. ತಿಂಗಳು ತುಂಬುವಷ್ಟರಲ್ಲಿ ಮೊದಲ ಕಟ್ಟು ಅಡುಗೆಮನೆ ಸೇರುತ್ತದೆ. ಹೆಚ್ಚಾದುದು ನೆರೆಮನೆಯವರಿಗೂ ಸಲ್ಲಲಿ.