ಅಜ್ಜನ ಕತ್ತಿಗೆ ಹುಣಸೆಹಣ್ಣು ಹಚ್ಚೀರಿ, ಜೋಕೆ!

1945ರಲ್ಲಿ ಬರ್ಮಾ, ಸಿಂಗಪುರಗಳಲ್ಲಿ ಶರಣಾದ ಜಪಾನಿ ಅಧಿಕಾರಿಗಳು ಸೊಂಟದ ಕತ್ತಿ ಬಿಚ್ಚಿ ಒಪ್ಪಿಸಿದರು. ಅಂಥವು ಕೆಲವು ಭಾರತದ ಯೋಧರ ಸಾಮಾನಿನ ಜೊತೆ ಊರು ಸೇರಿದವು. ಅಜ್ಜ ಹೋದ ಮೇಲೆ ಮೊಮ್ಮಕ್ಕಳದು ಒಂದೇ ಪ್ರಶ್ನೆ: 'ಇದಕ್ಕೆಷ್ಟು ಬರುತ್ತೆ?'

ಉತ್ತರ ಇರೋದು ಥಳಥಳಿಸುವ ಅಲಗಿನಲ್ಲಲ್ಲ, ಹಿಡಿಯೊಳಗೆ. ಹಿಡಿಯ ಬಿದಿರು ಮೊಳೆಯನ್ನು ಮೆಲ್ಲಗೆ ತಟ್ಟಿ ತೆಗೆದರೆ ಅಲಗಿನ ಬುಡ ಹೊರಬರುತ್ತದೆ. ಕಮ್ಮಾರ ಸಹಿ ಕೆತ್ತುತ್ತಿದ್ದುದು ಅಲ್ಲೇ. ಅಲ್ಲಿನ ಕಪ್ಪು ತುಕ್ಕೇ ಕತ್ತಿಯ ವಯಸ್ಸಿಗೆ ಸಾಕ್ಷಿ. ಹುಣಸೆಹಣ್ಣು, ಉಪ್ಪುಕಾಗದ ಹಾಕಿ ಉಜ್ಜಿದಿರೋ, ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು!

ಸಹಿ ಸಿಕ್ಕಿತೆಂದು ಕುಣಿಯಲೂಬೇಡಿ. ಹೆಸರಾಂತ ಕಮ್ಮಾರರ ಕಳ್ಳಸಹಿ ಹಾಕುವ ಚಾಳಿ ಜಪಾನಿನಲ್ಲಿ ಶತಮಾನಗಳಷ್ಟು ಹಳೆಯದು. ಅಲಗಿನ ಮೇಲೆ ಕ್ರಮಸಂಖ್ಯೆ ಒತ್ತಿದ್ದರೆ ಅದು ಬಹುಮಟ್ಟಿಗೆ 1935ರಿಂದೀಚೆಗೆ ಹವಾಲ್ದಾರ್ ದರ್ಜೆಯವರಿಗಾಗಿ ಕಾರ್ಖಾನೆಯಲ್ಲಿ ಮಾಡಿದ ಮಾಲು. ಹಾಗಂತ ಸೇನೆಯ ಹಿಡಿ ಕಂಡೊಡನೆ ಮೂಗು ಮುರಿಯುವುದೂ ತಪ್ಪು. ಮನೆತನದ ಪುರಾತನ ಅಲಗಿಗೇ ಸೇನೆಯ ಹಿಡಿ, ಒರೆ ಹಾಕಿಸಿಕೊಂಡು ಯುದ್ಧಕ್ಕೆ ಹೊರಟ ಅಧಿಕಾರಿಗಳೂ ಇದ್ದರು.

ಇನ್ನೊಂದು ಮಾತು. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದು 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ಅಪರಾಧ. ಹೊರದೇಶದ ಗಿರಾಕಿ ಎಷ್ಟೇ ಆಸೆ ತೋರಿಸಲಿ, ಮೊದಲು ವಯಸ್ಸು ಗೊತ್ತಾಗಬೇಕು.

ಆದ್ದರಿಂದ ಬುಡದ ಎರಡೂ ಮಗ್ಗುಲಿನ ಫೋಟೋ ತೆಗೆಸಿ, ಜಪಾನಿ ಕತ್ತಿ ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಅದನ್ನು ಗುಜರಿ ಅಂಗಡಿಗೆ ಒಯ್ಯಬೇಡಿ. ಅವನ ತಕ್ಕಡಿಗೆ ಸಹಿ ಓದೋಕೆ ಬರೋದಿಲ್ಲ!