ಹೊಳಪಿನ ಘೋಷಣೆ, ಮತದಾರನ ಲೆಕ್ಕ

ಒಂದೇ ಮಾತನ್ನು ಪದೇ ಪದೇ ಕೇಳಿದ ಜನ ಕೊನೆಗೆ ಅದನ್ನು ನಂಬುತ್ತಾರೆ ಎಂಬ ರಾಜಕೀಯ ಪಕ್ಷಗಳ ಲೆಕ್ಕಾಚಾರ ತೀರಾ ಆಧಾರವಿಲ್ಲದ್ದೇನಲ್ಲ. ಕಿವಿಗೆ ಮತ್ತೆ ಮತ್ತೆ ಬಿದ್ದ ಹೇಳಿಕೆ ಪರಿಚಿತವಾದ ಕಾರಣಕ್ಕೇ ನಿಜವೆನಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆದರೆ 1979ರಲ್ಲಿ ಜಾನ್ ಕ್ಯಾಸಿಯೊಪ್ಪೊ ಮತ್ತು ರಿಚರ್ಡ್ ಪೆಟ್ಟಿ ಪ್ರಕಟಿಸಿದ ಅಧ್ಯಯನದಲ್ಲಿ, ವಾದವೊಂದನ್ನು ಮೂರು ಸಲ ಕೇಳಿದವರಲ್ಲಿ ಹೆಚ್ಚಿದ್ದ ಸಮ್ಮತಿ ಐದು ಸಲ ಕೇಳಿದವರಲ್ಲಿ ಕುಗ್ಗಿತ್ತು. ಬೇಸತ್ತ ಕೇಳುಗರು ಮನಸ್ಸಿನೊಳಗೇ ಪ್ರತಿವಾದ ಹೂಡತೊಡಗಿದ್ದರು. ಮೊದಲೇ ಸಂಶಯವುಳ್ಳವರಲ್ಲಿ ಪ್ರತಿವಾದ ಹುಟ್ಟಲು ಐದು ಸಲವೂ ಬೇಕಾಗಲಿಕ್ಕಿಲ್ಲ.

2004ರ ಲೋಕಸಭಾ ಚುನಾವಣೆಗೆ ಮುನ್ನ ಕೇಂದ್ರ ಸರ್ಕಾರ ಬೊಕ್ಕಸದ ಹಣದಿಂದ ನಡೆಸಿದ ‘ಇಂಡಿಯಾ ಶೈನಿಂಗ್’, ಅಂದರೆ ‘ಭಾರತ ಪ್ರಕಾಶಿಸುತ್ತಿದೆ’ ಎಂಬ ಜಾಹೀರಾತು ಅಭಿಯಾನ ಇದಕ್ಕೆ ನಿದರ್ಶನ. ಆರ್ಥಿಕ ಬೆಳವಣಿಗೆ ಶೇ 8ರ ಆಸುಪಾಸಿನಲ್ಲಿದ್ದುದರಿಂದ ಆ ಘೋಷಣೆ ಶುದ್ಧ ಸುಳ್ಳಾಗಿರಲಿಲ್ಲ. ಆದರೆ 2002ರಲ್ಲಿ ಮುಂಗಾರು ವಾಡಿಕೆಗಿಂತ ಶೇ 19ರಷ್ಟು ಕಡಿಮೆ ಸುರಿದಿದ್ದರಿಂದ, ಬೆಳೆ ಕಳೆದುಕೊಂಡ ರೈತನ ಬಳಿ ಅದನ್ನು ಅಳೆದು ನೋಡಲು ತನ್ನದೇ ಹೊಲವಿತ್ತು. ಟಿ.ವಿ., ಪತ್ರಿಕೆಗಳು ಸಾಲದೆಂಬಂತೆ, ಫೋನ್ ಎತ್ತಿದರೆ ಪ್ರಧಾನಿ ವಾಜಪೇಯಿ ಅವರ ಧ್ವನಿಮುದ್ರಿತ ಮಾತು ಕೇಳುತ್ತಿತ್ತು. ಉತ್ತರಿಸಲು ಅವಕಾಶವಿಲ್ಲದ ಇಂಥ ಕರೆ, ತಾಂತ್ರಿಕ ಚಮತ್ಕಾರವೇ ಆಗಿದ್ದರೂ, ಸಂವಾದವಾಗಲಾರದು. ಸಾಮಾನ್ಯನಿಗೆ ಸಿಕ್ಕಿದ್ದೇನು ಎಂದು ಕಾಂಗ್ರೆಸ್ ಎತ್ತಿದ ಪ್ರಶ್ನೆಯ ಬಲವಿದ್ದದ್ದೂ ಇಲ್ಲೇ: ಆಳುವ ಪಕ್ಷದ ಜಾಹೀರಾತು ಪ್ರತಿ ಸಲ ಮರುಕಳಿಸಿದಾಗಲೂ ಅದು ಎದುರಾಳಿಯ ಪ್ರಶ್ನೆಯನ್ನೇ ನೆನಪಿಸುತ್ತಿತ್ತು. ಮೇ 13ರ ಮತ ಎಣಿಕೆಯಲ್ಲಿ ಬಿಜೆಪಿ 182 ಸ್ಥಾನಗಳಿಂದ 138ಕ್ಕೆ ಇಳಿದು, 145 ಸ್ಥಾನ ಗೆದ್ದ ಕಾಂಗ್ರೆಸ್ ಮಿತ್ರಪಕ್ಷಗಳೊಂದಿಗೆ ಸರ್ಕಾರ ರಚಿಸಿತು. ಆ ಘೋಷಣೆ ಚುನಾವಣೆಗೆ ಸೂಕ್ತವಾಗಿರಲಿಲ್ಲವೆಂದು ಮುಂದೆ ಬಿಜೆಪಿ ನಾಯಕ ಅಡ್ವಾಣಿ ಅವರೇ ಒಪ್ಪಿಕೊಂಡರು.

ಹಾಗೆಂದು ಸೋಲಿನ ಹೊಣೆಯನ್ನೆಲ್ಲ ಘೋಷಣೆಯೊಂದರ ತಲೆಗೆ ಕಟ್ಟುವುದು ಅವಸರದ ತೀರ್ಮಾನವಾದೀತು. ತಮಿಳುನಾಡು, ಆಂಧ್ರಪ್ರದೇಶಗಳ ಮೈತ್ರಿ ಲೆಕ್ಕಗಳೂ ಫಲಿತಾಂಶವನ್ನು ನಿರ್ಧರಿಸಿದ್ದವು. ಅದೇ ಬಿಜೆಪಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 18ನ್ನು ಗೆದ್ದಿತ್ತು. ಇಲ್ಲಿ ಬೆಂಗಳೂರನ್ನು ಸಿಂಗಪುರ ಮಾಡುವ ಮಾತನ್ನೂ ಐ.ಟಿ. ಕ್ಷೇತ್ರದ ಸಾಧನೆಯನ್ನೂ ಸತತ ಬರದ ನಡುವೆ ಕೇಳುತ್ತ ಬಂದಿದ್ದ ಮತದಾರ, ಅವಧಿಗೆ ಮುನ್ನವೇ ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ಸನ್ನು 132 ಸ್ಥಾನಗಳಿಂದ 65ಕ್ಕೆ ಇಳಿಸಿದ.