ಮೇದಸ್ಸು ಮತ್ತು ಕೀಲುಬೇನೆ

ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯಲ್ಲಿ ನಿಂತು ದುಡಿದವರಿಗೂ ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಹೊಲಗಳಲ್ಲಿ ಹೊರೆ ಹೊತ್ತವರಿಗೂ ಮೊಣಕಾಲಿನ ಬೇನೆ ಹೊಸದಲ್ಲ. ವಯಸ್ಸು, ದುಡಿಮೆ, ಮೈಭಾರ ಎಂದು ಅದಕ್ಕೆ ಕಾರಣ ಹೇಳುವುದು ರೂಢಿ. ಇವು ಸುಳ್ಳಲ್ಲ. ಆದರೆ ಸ್ಥೂಲಕಾಯರಲ್ಲಿ ಕೈಬೆರಳ ಗೆಣ್ಣುಗಳೂ ಹೆಚ್ಚಾಗಿ ಸವೆಯುವುದೇಕೆ? ಬೆರಳುಗಳು ಮೈಭಾರವನ್ನು ಹೊರುವುದಿಲ್ಲವಷ್ಟೆ.

ಉತ್ತರದ ಎಳೆ ದೊರೆತುದು 1994ರಲ್ಲಿ. ನ್ಯೂಯಾರ್ಕಿನ ರಾಕಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡಮನ್ನರೂ ಅವರ ಸಹೋದ್ಯೋಗಿಗಳೂ, ಕೊಬ್ಬಿನ ಕೋಶಗಳು ಸ್ರವಿಸುವ ಹಾರ್ಮೋನೊಂದರ ವಂಶವಾಹಿಯನ್ನು ಗುರುತಿಸಿದರು. ಅದೇ ಲೆಪ್ಟಿನ್. ಬರಿಯ ಕಣಜವೆನಿಸಿದ್ದ ಕೊಬ್ಬು ಅಂದಿನಿಂದ ಗ್ರಂಥಿಯೂ ಎನಿಸಿತು. ಹಸಿವನ್ನು ತಗ್ಗಿಸುವ ಈ ಹಾರ್ಮೋನು ಕೀಲಿನ ದ್ರವದಲ್ಲಿಯೂ ಉಂಟು. ಮೃದ್ವಸ್ಥಿಯ ಕೋಶಗಳನ್ನು ಕೆರಳಿಸಿ, ಆ ಮೃದ್ವಸ್ಥಿಯನ್ನೇ ಕರಗಿಸುವ ಕಿಣ್ವಗಳನ್ನು ಅವುಗಳಿಂದ ಹೊರಡಿಸಬಲ್ಲದು. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಲೆಪ್ಟಿನ್ ಇಲ್ಲದೆ ಹುಟ್ಟಿದ ಇಲಿಗಳು ವಿಪರೀತ ಕೊಬ್ಬಿದರೂ ಅವುಗಳಲ್ಲಿ ಮೊಣಕಾಲಿನ ಸಂಧಿವಾತವು ಹೆಚ್ಚಲಿಲ್ಲ. ಭಾರವೊಂದೇ ಅಪರಾಧಿಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಿರಳ. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಅದು ರಕ್ಷಕ, ಕೆಲವರಿಗೆ ಭಕ್ಷಕ.

ನಮ್ಮ ಪ್ರಾಚೀನ ವೈದ್ಯರು ಮೇದಸ್ಸನ್ನು ಸಪ್ತಧಾತುಗಳಲ್ಲಿ ಎಣಿಸಿದ್ದರು. ಅಲ್ಲಿ ಲೆಪ್ಟಿನ್ನನ್ನು ಹುಡುಕುವ ಉತ್ಸಾಹ ಇತಿಹಾಸದ ವಿದ್ಯಾರ್ಥಿಗೆ ಸಲ್ಲದು.

ಕಾಲು ನೋಯುವ ಒಕ್ಕಲಗಿತ್ತಿಗೆ ‘ಮೂಲೆ ಹಿಡಿದು ಕುಳಿತಿರು’ ಎನ್ನುವ ಉಪದೇಶವನ್ನು ಈ ಬೆಳಕಿನಲ್ಲಿ ಪರಿಶೀಲಿಸಬೇಕು. ಕುಳಿತಲ್ಲಿ ಮೇದಸ್ಸು ಬೆಳೆಯುತ್ತದೆ, ಅದರ ಸ್ರಾವವೂ ಬೆಳೆಯುತ್ತದೆ. ಮಿತಾಹಾರದಿಂದಲೂ ತಕ್ಕ ನಡಿಗೆಯಿಂದಲೂ ತೂಕವಿಳಿದರೆ ಮೊಣಕಾಲಿನ ಹೊರೆಯ ಜೊತೆಗೆ ರಕ್ತದಲ್ಲಿನ ಲೆಪ್ಟಿನ್ನೂ ಇಳಿಯುತ್ತದೆ.